ನಾನು ಕಿತ್ತಿಟ್ಟ ಕೆಂಪು ಚಿತ್ರ

ಕಳೆದ ತಿಂಗಳು ಗಂಡನ ಲೈಸೆನ್ಸಿನ ಪ್ರತಿ ಮಾಡಿಸಲೆಂದು ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ನಿನ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಹುಡುಗಿ ಯಾವುದೋ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸುತ್ತಿದ್ದಳು. ಯಂತ್ರದ ಬಾಯಿಂದ ಹಾಳೆ ಹೊರಗೆ ಬರುವಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಂದ ಕೆಲಸ ಬಿಟ್ಟು ಹೊರಗೆ ಬಂದು ಮೆಟ್ರೋ ಕಂಬದ ಬುಡದಲ್ಲಿ ನಿಂತುಕೊಂಡೆ. ಆ ವಾಸನೆಯೆಂದರೆ ನನಗೆ ಒಂದು ಮಳೆಗಾಲ. ಆ ಮಳೆಗಾಲದಲ್ಲಿ ನಾನು ನನ್ನ ತಮ್ಮನಿಗೆ ಮಾಡಿದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಗಂಡನಿಗೂ ಹೇಳಿಲ್ಲ.

ತಮ್ಮನ ಹೆಸರು ಯತೀಶ. ಯತಿ ಎನ್ನುತ್ತೇವೆ. ನನಗಿಂತ ತುಂಬ ಚಿಕ್ಕವನು, ನಾನು ಎತ್ತಿ ಆಡಿಸಿದ ಮಗು. ನಮ್ಮ ಊರು ಕುಂಬಳೆಯ ಹತ್ತಿರ. ಅಮ್ಮ ತೀರಿಹೋದ ಮೇಲೆ ಅವನನ್ನು ನೋಡಿಕೊಳ್ಳುವುದು ಅಪ್ಪನಿಂದ ಆಗಲಿಲ್ಲ. ಯತಿಗೆ ಕಿವಿ ಕೇಳುತ್ತದೆ, ಹೇಳಿದ್ದು ತಿಳಿಯುತ್ತದೆ, ಆದರೆ ಮಾತು ಬರುತ್ತಿರಲಿಲ್ಲ. ಬೇಕಾದದ್ದು ಏನೆಂದು ನಮಗೆ ತಿಳಿಯದಿದ್ದರೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ. ಅವನಿಗೆ ಒಂಬತ್ತು ತುಂಬಿದ ವರ್ಷ ನಾನು ಅವನನ್ನು ಕೊಚ್ಚಿಗೆ ಕರೆದುಕೊಂಡು ಬಂದೆ. ನನ್ನ ಗಂಡ ದಿನೇಶ ವಲ್ಲಾರ್ಪಾಡಂ ಬಂದರಿನಿಂದ ಕಂಟೇನರ್ ಲಾರಿ ಓಡಿಸುತ್ತಾರೆ. ಮಟ್ಟಾಂಚೇರಿಯ ಗೋದಾಮುಗಳ ಹಿಂದೆ ಒಂದು ಕೋಣೆಯ ಬಾಡಿಗೆ ಮನೆ ನಮ್ಮದು. ನಾನು ಅಲ್ಲೇ ಒಂದು ಗೋದಾಮಿನಲ್ಲಿ ಒಣಶುಂಠಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ.

ಮಾತು ಬಾರದ ಮಕ್ಕಳನ್ನು ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡುತ್ತಾರೆಂದು ಯಾರೋ ಹೇಳಿದರು. ಎರಡು ವಾರಕ್ಕೊಮ್ಮೆ ಬೆಳಗಿನ ಬೋಟಿನಲ್ಲಿ ಎರ್ನಾಕುಳಕ್ಕೆ ಹೋಗಿ, ಅಲ್ಲಿಂದ ರೈಲು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಸಾಲಿನಲ್ಲಿ ಕೂರುತ್ತಿದ್ದೆವು. ಅಲ್ಲಿ ರಂಜಿತಾ ಎಂಬ ಹುಡುಗಿ ಸಿಕ್ಕಿದಳು. ಮೈಸೂರಿನವಳು, ಇಂಥ ಮಕ್ಕಳಿಗೆ ಮಾತು ಕಲಿಸುವುದನ್ನು ಕಲಿಯಲು ಬಂದವಳು. ನನ್ನ ಬಾಯಲ್ಲಿ ಕನ್ನಡ ಕೇಳಿ ಯತಿಯನ್ನು ತನ್ನ ಹತ್ತಿರವೇ ಕೊಡಿಸಿಕೊಂಡಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಮಾತಿಗೆ ಕಾಯುವುದು ಬೇಡ, ಚಿತ್ರದಿಂದ ಶುರು ಮಾಡೋಣ ಎಂದಳು. ಮೊದಲು ಕೊಟ್ಟದ್ದು ಅಚ್ಚು ಹಾಕಿದ ಬಣ್ಣದ ಚಿತ್ರಗಳು: ಬ್ರೆಡ್ಡು, ಹಿಡಿ ಇರುವ ಕಪ್ಪು, ಕುರ್ಚಿಯಂಥ ಪಾಯಿಖಾನೆ. ಯತಿ ಅವನ್ನೆಲ್ಲ ನೆಲಕ್ಕೆ ಎಸೆದ. ರಂಜಿತಾ ನಕ್ಕಳು.

"ತಪ್ಪು ನಂದೇ ಅಕ್ಕಾ. ಇದರಲ್ಲಿ ಅವನ ಮನೇದು ಒಂದಾದ್ರೂ ಇದ್ಯಾ? ನಿಮ್ಮನೇಲಿ ಅವನು ದಿನಾ ನೋಡೋದು ಏನೇನೋ ಅದರ ಚಿತ್ರ ಬರ್ಕೊಂಡ್ ಬನ್ನಿ."

"ನಂಗೆ ಬರಿಲಿಕ್ಕೆ ಬರುದಿಲ್ಲ ಮಾರಾಯ್ತಿ."

"ರಂಗೋಲಿ ಹಾಕ್ತೀರಲ್ಲ? ಅಷ್ಟು ಸಾಕು."

ಹಾಗೆ ನಾನೇ ಬರೆದೆ. ನಮ್ಮ ಸ್ಟೀಲಿನ ಲೋಟ, ಬೋಟು, ಗ್ಯಾಸಿನ ಒಲೆ, ಅವನನ್ನು ಶಾಲೆಗೆ ಕರೆದೊಯ್ಯುವ ವ್ಯಾನು, ಭಾವನ ಲಾರಿ. ರಂಜಿತಾ ಅವನ್ನು ಲ್ಯಾಮಿನೇಷನ್ ಮಾಡಿಸಿ, ಹಿಂದೆ ಚಪ್ಪಲಿಯಲ್ಲಿ ಇರುವಂಥ ಚರ್ರೆಂದು ಬಿಡಿಸುವ ಅಂಟು ಹಚ್ಚಿ, ಉದ್ದದ ಪಟ್ಟಿಗೆ ಸಾಲಾಗಿ ಅಂಟಿಸಿ ಕೊಟ್ಟಳು. ಬೇಕಾದ ಚಿತ್ರವನ್ನು ಕಿತ್ತು ನಮ್ಮ ಕೈಗೆ ಕೊಡಬೇಕು. ಕೊಟ್ಟ ಕೂಡಲೇ ನಾವು ಆ ಕೆಲಸ ಮಾಡಬೇಕು. ಲೋಟ ಕೊಟ್ಟರೆ ನೀರು. ವಾದ ಮಾಡುವಂತಿಲ್ಲ. ಯತಿ ಒಂದೇ ವಾರದಲ್ಲಿ ಕಲಿತ. ಗೋಡೆಗೆ ತಲೆ ಬಡಿಯುವುದು ನಿಂತಿತು.

ನೋವಿಗೆ ಮಾತ್ರ ಚಿತ್ರ ಸಿಗಲಿಲ್ಲ. ಅಳುವ ಮುಖ ಬರೆದರೆ ಪಕ್ಕದ ಮನೆಯ ಮಗು ಅಳುವಾಗಲೆಲ್ಲ ಅದನ್ನು ತಂದುಕೊಡುತ್ತಿದ್ದ. ಒಮ್ಮೆ ತಿರುವನಂತಪುರದಲ್ಲಿ ಮೆಟ್ಟಿಲಿನ ಮೇಲೆ ಬಿದ್ದು ಮೊಣಕಾಲು ತರಚಿಕೊಂಡ. ರಂಜಿತಾ ಓಡಿ ಬಂದವಳು ಅಲ್ಲೇ ಕೂತು, ಒಂದು ಕಾಗದದ ಮೇಲೆ ಕೆಂಪು ಪೆನ್ನಿನಿಂದ ಮುಳ್ಳುಮುಳ್ಳಾದ ಉಂಡೆಯೊಂದನ್ನು ಗೀಚಿ ಅವನ ಮೊಣಕಾಲಿಗೆ ಒತ್ತಿ ಹಿಡಿದು, "ನೋವು" ಎಂದಳು. ಯತಿ ಅಳು ನಿಲ್ಲಿಸಿ ಆ ಕಾಗದವನ್ನೇ ನೋಡಿದ. ರೈಲಿನಲ್ಲಿ ವಾಪಸ್ಸು ಬರುವಾಗ ಅದನ್ನು ನನ್ನ ಕೈಯಿಂದ ಕಸಿದು ತನ್ನ ಕಿವಿಯ ಹಿಂದೆ ಇಟ್ಟುಕೊಂಡ. ನೋಡಿದರೆ ಅಲ್ಲಿ ಒಂದು ಹುಣ್ಣು, ಕೀವಾಗಿತ್ತು. ಎಷ್ಟು ದಿನದಿಂದ ಇತ್ತೋ. ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಇಷ್ಟು ವರ್ಷ ಇವನಿಗೆ ಎಲ್ಲೆಲ್ಲಿ ನೋಯುತ್ತಿತ್ತು, ನಮಗೆ ಗೊತ್ತೇ ಆಗಲಿಲ್ಲವಲ್ಲ ಎಂದು. ಮುಂದಿನ ಸಲ ಆ ಕೆಂಪು ಉಂಡೆಯೂ ಲ್ಯಾಮಿನೇಷನ್ ಆಗಿ ಪಟ್ಟಿಯ ಕೊನೆಗೆ ಬಂದು ಕೂತಿತು.

ಇನ್ನು ನನ್ನ ವಿಷಯ. ನಾನು ಓದಿದ್ದು ಏಳನೆಯ ತರಗತಿ, ಅದೂ ಕನ್ನಡದಲ್ಲಿ. ಮಲಯಾಳ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಮೆಡಿಕಲ್ ಅಂಗಡಿಯವನು ಮಾತ್ರೆಯ ಕವರಿನ ಮೇಲೆ ನನಗೆಂದೇ ಸೂರ್ಯ, ಚಂದ್ರ ಬರೆದುಕೊಡುತ್ತಿದ್ದ. ತಿರುವನಂತಪುರದಲ್ಲಿ ನಮ್ಮ ಬಾಗಿಲನ್ನು ನಾನು ಗುರುತಿಸುತ್ತಿದ್ದದ್ದು ಅದರ ಮೇಲಿದ್ದ ಕಿವಿಯ ಚಿತ್ರದಿಂದ. ಚಿತ್ರ ನೋಡಿ ಬದುಕುವವಳು ನಾನೇ. ಹಾಗಾಗಿಯೇ ನನಗೆ ಅದು ನಾಚಿಕೆ. ಸೂರ್ಯ ಚಂದ್ರ ಬರೆದ ಕವರನ್ನು ಯಾರಿಗೂ ಕಾಣದ ಹಾಗೆ ಚೀಲದ ಅಡಿಗೆ ಹಾಕಿಕೊಳ್ಳುತ್ತಿದ್ದೆ. ಯತಿ ಕೊರಳಿಗೆ ಪಟ್ಟಿ ಹಾಕಿಕೊಂಡು ಬೋಟಿನಲ್ಲಿ ಕೂತರೆ ಜನ ತಿರುಗಿ ನೋಡುತ್ತಿದ್ದರು. ಇವನೂ ನನ್ನ ಹಾಗೆ ಆಗುತ್ತಾನೆ ಎಂದುಕೊಳ್ಳುತ್ತಿದ್ದೆ.

ಮನೆಯ ಒಡತಿ ಲೀಲಾ ಚೇಚ್ಚಿ, ಎಂದರೆ ಲೀಲಕ್ಕ, ಒಳ್ಳೆಯವರು. ಯತಿಗೆ ದಿನವೂ ಏನಾದರೂ ತಿನ್ನಲು ಕೊಡುತ್ತಿದ್ದರು. ಅವರು ಮಲಯಾಳದಲ್ಲಿ ಒಂದು ದಿನ ಹೇಳಿದರು: "ಮಗಳೇ, ಕೈಯಲ್ಲಿ ಎಲ್ಲ ಆಗುವಾಗ ನಾಲಿಗೆ ಯಾಕೆ ಎದ್ದು ಬರ್ತದೆ? ಇದನ್ನು ಕೊಟ್ಟವರು ಅವನ ಬಾಯಿಗೆ ಬೀಗ ಹಾಕಿದ್ದಾರೆ." ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಾಯಾರಿದಾಗ ನೀರಿನ ಲೋಟ ಎತ್ತಿ ಹಿಡಿದು, "ನೀರು ಅಂತ ಹೇಳು, ಕೊಡ್ತೇನೆ" ಎಂದು ಅವನನ್ನು ಕಾಯಿಸಲು ಶುರು ಮಾಡಿದೆ. ಅವನು ಚಿತ್ರ ಚಾಚುತ್ತಿದ್ದ. ನಾನು ತೆಗೆದುಕೊಳ್ಳುತ್ತಿರಲಿಲ್ಲ.

ಶಾಲೆ ತೆರೆದು ಮಳೆ ಹಿಡಿದ ಮೇಲೆ ಇನ್ನೊಂದು ಶುರುವಾಯಿತು. ಬೆಳಿಗ್ಗೆ ವ್ಯಾನು ಬರುವ ಹೊತ್ತಿಗೆ ಯತಿ ಕೆಂಪು ಚಿತ್ರ ಕಿತ್ತು ಹೊಟ್ಟೆಯ ಮೇಲೆ ಇಟ್ಟುಕೊಳ್ಳುವುದು. ವ್ಯಾನು ಹೋದ ಮೇಲೆ ಆಡುವುದು. ದಿನೇಶನಿಗೆ ಅದೊಂದು ತಮಾಷೆ.

"ನಿನ್ನ ತಮ್ಮ ಜೋರುಂಟು ಮಾರಾಯ್ತಿ. ಮಾತು ಬರುವ ಮೊದಲೇ ಸುಳ್ಳು ಕಲ್ತ." ಯತಿಯ ಮುಂದೆ ಕೈಚಾಚಿ, "ಭಾವನಿಗೂ ಅದೊಂದು ಕೊಡು ಮಾರಾಯ. ನಂಗೂ ಲಾರಿಗೆ ರಜೆ ಹಾಕ್ಲಿಕ್ಕುಂಟು" ಎಂದರು. ಯತಿ ನಿಜವಾಗಿಯೂ ಕೊಟ್ಟ. ದಿನೇಶ ಅದನ್ನು ಸೊಂಟಕ್ಕೆ ಇಟ್ಟುಕೊಂಡು ಕುಂಟುತ್ತಾ ಹೋಗಿ ಲಾರಿ ಹತ್ತಿದರು. ಸ್ವಲ್ಪ ಹೊತ್ತಿಗೆ ನಗುತ್ತಾ ವಾಪಸ್ಸು ಬಂದು ಕೊಟ್ಟರು.

ನನಗೆ ನಗು ಬರಲಿಲ್ಲ. ಅವನು ಮನೆಯಲ್ಲಿ ಉಳಿದ ದಿನವೆಲ್ಲ ನನಗೆ ಕೆಲಸ ಇಲ್ಲ. ಗೋದಾಮಿನ ಮೇಸ್ತ್ರಿ, ನಿನ್ನ ಜಾಗಕ್ಕೆ ಬೇರೆಯವಳು ಬಾಗಿಲಲ್ಲೇ ನಿಂತಿದ್ದಾಳೆ ಎಂದ. ತಿರುವನಂತಪುರಕ್ಕೆ ಹೋದಾಗ ಇದನ್ನು ರಂಜಿತಾಗೆ ಹೇಳಿದೆ. ಅವಳು, "ಸುಳ್ಳೇ ಇರಬಹುದು ಅಕ್ಕಾ. ಆದ್ರೂ ಪ್ರತಿ ಸಲ ನೋಡ್ಬೇಕು. ಚಿತ್ರ ಅವನದು. ನಾವು ತೊಗೊಳೋದು ಬಿಟ್ರೆ ಅವನು ಕೊಡೋದೂ ಬಿಡ್ತಾನೆ" ಎಂದಳು. ಹೂಂ ಎಂದೆ. ಮನೆಗೆ ಬಂದ ಮೇಲೆ, ಯತಿ ಸ್ನಾನಕ್ಕೆ ಹೋದಾಗ, ಕೆಂಪು ಚಿತ್ರವನ್ನು ಪಟ್ಟಿಯಿಂದ ಕಿತ್ತು ರವೆಯ ಡಬ್ಬಿಯಲ್ಲಿ ಹೂತಿಟ್ಟೆ.

ಮರುದಿನ ಬೆಳಿಗ್ಗೆ ಅವನು ಪಟ್ಟಿಯ ಖಾಲಿ ಜಾಗವನ್ನು ಬೆರಳಿನಿಂದ ಸವರಿದ. ಮಂಚದ ಕೆಳಗೆ ಹುಡುಕಿದ. ನನ್ನ ಮುಖ ನೋಡಿದ. ನಾನು ಜಡೆ ಹಾಕಿಕೊಳ್ಳುತ್ತಿದ್ದೆ, ಹಾಕಿಕೊಳ್ಳುತ್ತಲೇ ಇದ್ದೆ. ಆಮೇಲೆ ವ್ಯಾನು ಹತ್ತಿದ. ನೋಡು, ಸುಳ್ಳೇ ಆಗಿತ್ತು ಎಂದು ನಾನು ಗೆದ್ದವಳ ಹಾಗೆ ಶುಂಠಿ ಆರಿಸಲು ಹೋದೆ.

ಆಟಿ ತಿಂಗಳ, ಎಂದರೆ ಆಷಾಢದ, ಮಳೆ ಬಂತು. ಇಲ್ಲಿಯವರ ಕರ್ಕಿಡಗಂ. ಓಣಿಯಲ್ಲಿ ನೀರು ನಿಂತು ಶಾಲೆಗೆ ರಜೆ ಕೊಟ್ಟರು. ದಿನೇಶ ಕೊಯಮತ್ತೂರಿಗೆ ಲೋಡು ತೆಗೆದುಕೊಂಡು ಹೋಗಿದ್ದರು. ಮಧ್ಯಾಹ್ನ ಯತಿ ಒಲೆಯ ಚಿತ್ರ ತಂದು ಕೊಟ್ಟ. ಹಸಿವೆ ಎಂದುಕೊಂಡೆ. ನಾನು ಅನ್ನ ಬೇಯುವ ಹೊತ್ತಿಗೆ ಒಲೆಯ ಚಿತ್ರ ತೋರಿಸಿ "ಕಾಯಬೇಕು" ಎನ್ನುತ್ತಿದ್ದೆ. ಗಂಜಿ ಬಡಿಸಿದೆ. ಎರಡು ತುತ್ತು ತಿಂದು ತಟ್ಟೆ ನೂಕಿದ. ಸ್ವಲ್ಪ ಹೊತ್ತಿಗೆ ಮತ್ತೆ ಒಲೆಯ ಚಿತ್ರ. ಈ ಸಲ ಅದನ್ನು ನನ್ನ ಕೈಗೆ ಕೊಡಲಿಲ್ಲ, ತನ್ನ ಹೊಟ್ಟೆಯ ಮೇಲೆ ಒತ್ತಿ ಹಿಡಿದಿದ್ದ. "ಈಗ ಕೊಟ್ಟದ್ದು ಎಂತ ಮತ್ತೆ? ತಿನ್ನು" ಎಂದು ಗದರಿಸಿ ಬಾಯಿಗೆ ಇಟ್ಟೆ. ನುಂಗಿದ. ವಾಂತಿ ಮಾಡಿದ. ನಾನು ನೆಲ ಒರೆಸಿದೆ. ಒರೆಸುತ್ತಿರುವಾಗ ಅವನು ಮತ್ತೆ ಅದೇ ಚಿತ್ರವನ್ನು ನನ್ನ ಭುಜಕ್ಕೆ ತಾಗಿಸಿದ. ನಾನು ಅವನ ಕೈ ದೂಡಿದೆ.

ಮರುದಿನ ಬೆಳಿಗ್ಗೆ ಅವನ ಮೈ ಕೆಂಡವಾಗಿತ್ತು. ಬಲಗಾಲನ್ನು ಹೊಟ್ಟೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದ. ಕಾಲು ನೆಟ್ಟಗೆ ಮಾಡಲು ಹೋದರೆ ನಾನು ಅದುವರೆಗೆ ಕೇಳದ ಒಂದು ಸ್ವರ ಅವನ ಗಂಟಲಿನಿಂದ ಬಂತು. ಲೀಲಾ ಚೇಚ್ಚಿ ಅವರ ಮಗನನ್ನು ನೀರಿನಲ್ಲೇ ಓಡಿಸಿ ಆಟೋ ತರಿಸಿದರು. ಓಣಿ ದಾಟುವವರೆಗೆ ಆಟೋದ ಒಳಗೂ ನೀರು. ಯತಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಪ್ರತಿ ಗುಂಡಿಗೂ ಅವನ ಬೆರಳು ನನ್ನ ತೋಳಿನಲ್ಲಿ ಇಳಿಯುತ್ತಿತ್ತು. ಅವಸರದಲ್ಲಿ ಪಟ್ಟಿಯನ್ನು ಮನೆಯಲ್ಲೇ ಬಿಟ್ಟಿದ್ದೆ.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಸಮಾಧಾನದವರು. "ಎವಿಡೆಯಾ ಮೋನೇ ವೇದನ?" ಎಂದು ಎಲ್ಲಿ ನೋಯುತ್ತದೆಂದು ಕೇಳುತ್ತಾ ಹೊಟ್ಟೆ ಮುಟ್ಟಿದರು. ಯತಿ ಮುಟ್ಟಿದಲ್ಲೆಲ್ಲ ಕಿರುಚಿದ. ಅಪರಿಚಿತರು ಕೈ ಮುಟ್ಟಿದರೂ ಕಿರುಚುವವನು ಅವನು. ಡಾಕ್ಟರು ನನ್ನ ಕಡೆ ತಿರುಗಿದರು. ಎಷ್ಟು ದಿನದಿಂದ? ಮೊದಲು ಯಾವಾಗಲಾದರೂ ಹೊಟ್ಟೆನೋವು ಅಂತ ತೋರಿಸಿದ್ದನೋ?

"ಅವನಿಗೆ ಮಾತು ಬರುದಿಲ್ಲ ಸಾರ್" ಎಂದೆ.

"ಅದು ಕಾಣ್ತದೆ. ಕೈಯಿಂದಾದರೂ, ಏನಾದರೂ?"

"ಇಲ್ಲ. ಏನೂ ತೋರಿಸಲಿಲ್ಲ."

ಹೀಗೆ ಹೇಳಿದೆ. ಪಕ್ಕದಲ್ಲಿ ಯತಿ ಮಲಗಿದ್ದ, ಅವನಿಗೆ ಮಾತು ಅರ್ಥವಾಗುತ್ತದೆ. ಅವನು ಕಿರುಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಮಳೆಗಾಲದ ಹೊಟ್ಟೆ ಕೆಡುವಿಕೆ ಇರಬಹುದು, ಡ್ರಿಪ್ ಹಾಕಿ ನೋಡೋಣ ಎಂದರು ಡಾಕ್ಟರು. ಅವರದ್ದು ತಪ್ಪಲ್ಲ. ನಾನು ಹೇಳಿದ್ದನ್ನು ನಂಬಿದರು.

ಡ್ರಿಪ್ ಇಳಿಯುತ್ತಾ ಹೋಯಿತು. ಯತಿಯ ತುಟಿ ಒಣಗಿ ಬೆಳ್ಳಗಾಯಿತು. ಆಮೇಲೆ ಅವನು ಅಳುವುದನ್ನೂ ಬಿಟ್ಟ. ಅಳುವಾಗ ಇದ್ದದ್ದಕ್ಕಿಂತ ಆ ಸುಮ್ಮನಿರುವಿಕೆ ನನಗೆ ಭಯ ಹುಟ್ಟಿಸಿತು. ವರಾಂಡಕ್ಕೆ ಹೋಗಿ ರಂಜಿತಾಗೆ ಫೋನು ಮಾಡಿದೆ. ಯತಿಗೆ ಹೀಗಾಗಿದೆ ಎಂದು ಅಳುತ್ತಾ ಹೇಳಿದೆ.

"ಅಕ್ಕಾ, ಆಮೇಲೆ ಅಳಿ. ಪಟ್ಟಿ ಅಲ್ಲಿದ್ಯಾ?"

"ಇಲ್ಲ."

"ಸರಿ, ಬಿಡಿ. ನರ್ಸ್ ಹತ್ರ ಕೆಂಪು ಪೆನ್ ಇರತ್ತೆ. ನಾನು ಗೀಚಿದ್ನಲ್ಲ, ಹಾಗೇ ಗೀಚಿ. ಅವನ ಕೈಗೆ ಕೊಡಿ. ಎಲ್ಲಿಡಬೇಕು ಅಂತ ನೀವು ತೋರಿಸ್ಬೇಡಿ. ಅವನೇ ಇಡ್ಲಿ."

ನರ್ಸಿನ ಪೆನ್ನು ಕೇಳಿ ಹತ್ತಿಯ ಪೊಟ್ಟಣದ ಕಾಗದದ ಮೇಲೆ ಗೀಚಿದೆ. ಅದು ಉಂಡೆಯೂ ಆಗಲಿಲ್ಲ, ಮುಳ್ಳೂ ಆಗಲಿಲ್ಲ. ಯತಿ ಅದನ್ನು ತೆಗೆದುಕೊಂಡ. ಬಹಳ ಹೊತ್ತು ನೋಡಿದ. ನಾನು ಬಗ್ಗಿ ನಿಂತಿದ್ದೆ. ಅವನು ನನ್ನ ತೋಳನ್ನು ದಾಟಿ ಕೈ ಚಾಚಿ, ಆಚೆ ನಿಂತಿದ್ದ ನರ್ಸಿನ ಬೆರಳು ಹಿಡಿದು, ಕಾಗದದ ಜೊತೆಗೇ ಎಳೆದು ತನ್ನ ಹೊಟ್ಟೆಯ ಬಲಗಡೆ ಕೆಳಗೆ ಇಟ್ಟ. ಅಲ್ಲೇ ಇಟ್ಟುಕೊಂಡ. ಆ ನರ್ಸು ಚಿಕ್ಕ ಹುಡುಗಿ. ಒಮ್ಮೆ ಮೆಲ್ಲಗೆ ಒತ್ತಿ ಬಿಟ್ಟಳು, ಅವನ ಮುಖ ನೋಡಿದಳು, ಓಡಿಕೊಂಡು ಹೋಗಿ ಡಾಕ್ಟರನ್ನು ಕರೆತಂದಳು.

ಆಮೇಲೆ ಎಲ್ಲರೂ ಅವಸರದಲ್ಲಿದ್ದರು. ಸ್ಕ್ಯಾನಿಂಗ್, ರಕ್ತ, ಸಹಿ. ಅಪೆಂಡಿಕ್ಸ್ ಒಡೆದಿದೆ, ಕೀವು ಹೊಟ್ಟೆಯೊಳಗೆ ಹರಡಿದೆ, ಗ್ಯಾರಂಟಿ ಹೇಳುವುದಿಲ್ಲ ಎಂದರು. ಕಾಗದದಲ್ಲಿ ಏನು ಬರೆದಿತ್ತೋ ನನಗೆ ಓದಲು ಬರಲಿಲ್ಲ. ತೋರಿಸಿದಲ್ಲಿ ಕನ್ನಡದಲ್ಲಿ ಹೆಸರು ಬರೆದೆ.

ಆಪರೇಷನ್ ಕೋಣೆಯ ಹೊರಗೆ ಸಿಮೆಂಟಿನ ಕಟ್ಟೆಯ ಮೇಲೆ ಕೂತಿರುವಾಗ ನನಗೆ ಒಲೆಯ ಚಿತ್ರ ನೆನಪಾಯಿತು. ಯತಿ ಬಂದ ಹೊಸದರಲ್ಲಿ ಬೆಂಕಿಗೆ ಕೈ ಹಾಕಲು ಹೋಗುತ್ತಿದ್ದ. ಆಗ ರಂಜಿತಾ ಒಲೆಯ ಚಿತ್ರ ಹಿಡಿದು, ಬಿಸಿ ಲೋಟವನ್ನು ಅವನ ಬೆರಳಿಗೆ ತಾಗಿಸಿ ತೆಗೆದು, "ಸುಡತ್ತೆ" ಎಂದು ಕಲಿಸಿದ್ದಳು. ನಾನು ಆ ಚಿತ್ರವನ್ನು ಅನ್ನಕ್ಕೆ ಬಳಸಿದೆ. ಅವನು ಕಲಿತದ್ದನ್ನು ಮರೆತಿರಲಿಲ್ಲ. ನೋವಿನ ಚಿತ್ರ ಇಲ್ಲವಾದಾಗ ಇದ್ದುದರಲ್ಲೇ ಹುಡುಕಿ, ಒಳಗೆ ಸುಡುತ್ತಿದೆ ಎಂದು ಹೊಟ್ಟೆಯ ಮೇಲೆ ಇಟ್ಟು ತೋರಿಸಿದ್ದ. ನಾನು ಅದೇ ಹೊಟ್ಟೆಗೆ ಗಂಜಿ ಹಾಕಿದ್ದೆ. ಅಲ್ಲಿ ಕೂತು ನಾನು ದೇವರನ್ನು ಕೇಳಿದ್ದು ಅವನನ್ನು ಉಳಿಸು ಎಂದು ಮಾತ್ರ ಅಲ್ಲ. ಇದು ಯಾರಿಗೂ ಗೊತ್ತಾಗದಿರಲಿ ಎಂದೂ ಕೇಳಿದೆ. ಯಾವುದನ್ನು ಮೊದಲು ಕೇಳಿದೆ ಎಂದು ಈಗಲೂ ನನಗೆ ಖಚಿತವಿಲ್ಲ.

ಯತಿ ಉಳಿದ. ಹೊಟ್ಟೆಗೆ ಕೊಳವೆ ಹಾಕಿ ಓಣಂ ಹತ್ತಿರ ಬರುವವರೆಗೆ ಆಸ್ಪತ್ರೆಯಲ್ಲೇ ಇದ್ದ. ದಿನೇಶ ಹಗಲು ರಾತ್ರಿ ಪಕ್ಕದಲ್ಲಿ ಕೂತರು. "ನಿನ್ನ ತಪ್ಪೆಂತ ಉಂಟು ಇದರಲ್ಲಿ? ಬಾಯಿ ಇದ್ದವರದ್ದೇ ತಿಳಿಯುದಿಲ್ಲ" ಎಂದು ನನ್ನನ್ನು ಸಮಾಧಾನ ಮಾಡಿದರು. ಅದನ್ನು ಕೇಳಿಕೊಂಡು ಯತಿಯ ಹೊದಿಕೆ ಸರಿಮಾಡಿದೆ. ಬಟ್ಟೆ ತರಲು ಮನೆಗೆ ಬಂದ ದಿನ ರವೆಯ ಡಬ್ಬಿಯಿಂದ ಆ ಚಿತ್ರ ತೆಗೆದು, ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದೆ. ಪ್ಲಾಸ್ಟಿಕ್ ಬಾಗಿ, ಕಾಗದ ಕಪ್ಪಾಗಿ, ಕೆಂಪು ಕೊನೆಗೆ ಹೋಯಿತು. ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟೆ. ಮಳೆಗೆ ಅದು ಹೊರಗೆ ಹೋಗಲಿಲ್ಲ. ತಿರುವನಂತಪುರದಲ್ಲಿ ರಂಜಿತಾ ಖಾಲಿ ಜಾಗ ನೋಡಿ, "ಇದು ಎಲ್ಲಿ ಹೋಯ್ತು ಅಕ್ಕಾ?" ಎಂದಳು. ಕಳೆದುಹೋಯಿತು ಎಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ ಹೊಸದೊಂದನ್ನು ಬರೆದುಕೊಟ್ಟಳು.

ಈಗ ಯತಿಗೆ ಮೀಸೆ ಮೂಡುತ್ತಿದೆ. ಚಿತ್ರಗಳೆಲ್ಲ ಫೋನಿಗೆ ಹೋಗಿವೆ, ಒತ್ತಿದರೆ ಹೆಂಗಸಿನ ಸ್ವರ ಮಾತಾಡುತ್ತದೆ. ಚಿತ್ರ ಹಿಡಿದೇ ನಾಲ್ಕಾರು ಮಾತು ಬಾಯಿಗೂ ಬಂದಿವೆ: ನೀರು, ಬಾ, ಭಾವ. ಬಾಯಿಗೆ ಬೀಗ ಬೀಳಲಿಲ್ಲ. ನನ್ನ ಹತ್ತಿರ ಅವನು ನೀರು ಕೇಳುತ್ತಾನೆ, ಚಾಯ ಕೇಳುತ್ತಾನೆ, ಬೋಟಿಗೆ ಹೋಗುವಾ ಎನ್ನುತ್ತಾನೆ, ಜಗಳ ಮಾಡುತ್ತಾನೆ. ನೋವನ್ನು ಮಾತ್ರ ಕೊಡುವುದಿಲ್ಲ. ದಿನೇಶನಿಗೆ ಕೊಡುತ್ತಾನೆ. ಕಲಿತ ಜಾಗದಲ್ಲೇ ಕೆಲಸಕ್ಕೆ ಸೇರಿದ ರಂಜಿತಾಗೆ ಕೊಡುತ್ತಾನೆ, ಹಲ್ಲು ನೋಯುವುದನ್ನು ಹೇಳಲು ತಿರುವನಂತಪುರದ ತನಕ ಕಾದಿದ್ದ. ನನ್ನ ತಲೆಗೆ ನಾನೇ ನೋವಿನ ಚಿತ್ರ ಇಟ್ಟು ತೋರಿಸಿದೆ, ನೋಡಿ ಅವನೂ ಮಾಡಲಿ ಎಂದು. ಅವನು ಎದ್ದು ಹೋಗಿ ವಿಕ್ಸ್ ತಂದು ನನ್ನ ಹಣೆಗೆ ಹಚ್ಚಿ, ಮುಚ್ಚಳ ಹಾಕಿ, ತನ್ನ ಜಾಗಕ್ಕೆ ಹೋಗಿ ಕೂತ.

ಮೊನ್ನೆ ಭಾನುವಾರ ಮಧ್ಯಾಹ್ನ ಅವನು ಊಟ ಬಿಟ್ಟ. ಗೋಡೆಗೆ ಒರಗಿ, ಒಂದು ಕೈಯಿಂದ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡು ಕೂತಿದ್ದ. ನನ್ನ ಕೈಯ ಅನ್ನ ಕೈಯಲ್ಲೇ ಉಳಿಯಿತು. ಹತ್ತಿರ ಹೋಗಿ, "ಯತಿ, ನೋವುಂಟಾ? ಎಲ್ಲಿ? ಅಕ್ಕನಿಗೆ ಹೇಳು" ಎಂದೆ. ಅವನು ಫೋನನ್ನು ಮಗುಚಿ ನೆಲದ ಮೇಲಿಟ್ಟ. ದಿನೇಶನಿಗೆ ಫೋನು ಮಾಡಿದೆ. ವಲ್ಲಾರ್ಪಾಡಂನಿಂದ ಹೊರಟು ಆಗಿತ್ತು, ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಇದ್ದರು. ಮತ್ತೆ ಮತ್ತೆ ಕೇಳಿದೆ. ಅವನು ನನಗೆ ಬೆನ್ನು ಹಾಕಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಾಗಿಲಿನ ಕಡೆ ನೋಡುತ್ತಾ ಭಾವನಿಗಾಗಿ ಕಾಯುತ್ತಿದ್ದ. ನಾನೂ ಅವನ ಪಕ್ಕದಲ್ಲಿ ಕೂತು ಬಾಗಿಲನ್ನೇ ನೋಡತೊಡಗಿದೆ.